ಬಿಂದುವಿನ ಬಲಗಡೆಯ ಲೆಕ್ಕ

0.3 ಮತ್ತು 0.25 – ಇವೆರಡರಲ್ಲಿ ದೊಡ್ಡ ಸಂಖ್ಯೆ ಯಾವುದು?

ಆರನೇ ತರಗತಿಯ ಮಕ್ಕಳ ಮುಂದೆ ಈ ಪ್ರಶ್ನೆ ಇಟ್ಟರೆ ಕೈ ಎತ್ತುವವರಲ್ಲಿ ಅನೇಕರ ಉತ್ತರ ‘ಸೊನ್ನೆ ಪಾಯಿಂಟ್ ಇಪ್ಪತ್ತೈದು’. ಯಾಕೆ ಎಂದು ಕೇಳಿದರೆ, ‘ಮೂರಕ್ಕಿಂತ ಇಪ್ಪತ್ತೈದು ದೊಡ್ಡದಲ್ವಾ ಸಾರ್?’ ಎಂಬ ಮರುಪ್ರಶ್ನೆ. ಆರನೇ ತರಗತಿಯಲ್ಲಿ ಈ ತಪ್ಪು ಮಾಡಿದರೆ ಚಿಂತೆಯಿಲ್ಲ. ಆದರೆ ಎಸ್‌ಎಸ್‌ಎಲ್‌ಸಿ ದಾಟಿದವರಲ್ಲೂ, ಡಿಪ್ಲೊಮಾ ಸೇರಿ ವರ್ಕ್‌ಶಾಪಿನಲ್ಲಿ ನಿಂತವರಲ್ಲೂ ಇದು ಉಳಿದುಕೊಂಡಿರುತ್ತದೆ. ಅಲ್ಲಿ ಹೋಗುವುದು ಒಂದು ಅಂಕವಲ್ಲ, ಒಂದು ಎಂಜಿನ್.

ಇದೇ ಪ್ರಶ್ನೆಯನ್ನು ಬೆಂಗಳೂರಿನ ಪೂರ್ವಕ್ಕಿರುವ ಹೊರಮಾವಿನ ಮುಖ್ಯರಸ್ತೆಯಲ್ಲಿ ಯಾವುದಾದರೂ ಮೋಟಾರ್‌ಸೈಕಲ್ ಗ್ಯಾರೇಜಿಗೆ ಒಯ್ಯಿರಿ. ಏಳನೇ ತರಗತಿಗೆ ಶಾಲೆ ಬಿಟ್ಟ ಮೆಕ್ಯಾನಿಕ್ ಕೂಡ ತಡವರಿಸದೆ 0.30 ಎನ್ನುತ್ತಾನೆ. ಅವನ ಕೈಯಲ್ಲಿ ಫೀಲರ್ ಗೇಜ್ ಇರುತ್ತದೆ. ಪಾಕೆಟ್ ಚಾಕುವಿನಂತೆ ಮಡಚುವ, ಹತ್ತಿಪ್ಪತ್ತು ತೆಳು ಉಕ್ಕಿನ ಪಟ್ಟಿಗಳ ಗೊಂಚಲು ಅದು. ಒಂದೊಂದು ಪಟ್ಟಿಯ ಮೇಲೂ ಅದರ ದಪ್ಪ ಕೆತ್ತಿದೆ: 0.05, 0.10, 0.15, 0.20, 0.25, 0.30. ಮೂವತ್ತರ ಪಟ್ಟಿ ಇಪ್ಪತ್ತೈದರ ಪಟ್ಟಿಗಿಂತ ದಪ್ಪ ಎಂಬುದು ಅವನಿಗೆ ಲೆಕ್ಕವಲ್ಲ, ಬೆರಳಿನ ಅನುಭವ. ಶಾಲೆಯಲ್ಲಿ 0.3 ಎಂದು ಬರೆದದ್ದನ್ನು ಗ್ಯಾರೇಜಿನಲ್ಲಿ 0.30 ಎಂದು ಬರೆಯುತ್ತಾರೆ. ಈ ಒಂದು ಸೊನ್ನೆಯಲ್ಲಿ ಅರ್ಧ ಪಾಠವೇ ಅಡಗಿದೆ.

ಹೊರಮಾವು ಕೆರೆ, ತೋಟಗಳ ಹಳ್ಳಿಯಾಗಿದ್ದು, ಹೊರವರ್ತುಲ ರಸ್ತೆ ಬಂದ ಮೇಲೆ ಬಡಾವಣೆಗಳ ಊರಾಯಿತು. ಆದರೆ ಸಣ್ಣ ಅಳತೆಯ ಲೆಕ್ಕಕ್ಕೆ ಇಷ್ಟು ಹತ್ತಿರದ ನೆರೆಹೊರೆ ಬೇರೆ ಊರುಗಳಿಗೆ ಸಿಗುವುದು ಕಷ್ಟ. ಪಕ್ಕದ ದೂರವಾಣಿನಗರದಲ್ಲಿ 1948ರಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಹುಟ್ಟಿತು. (ಈ ಭಾಗದ ಹಿರಿಯರಿಗೆ ‘ಐಟಿಐ’ ಎಂದರೆ ಮೊದಲು ನೆನಪಾಗುವುದು ಆ ಕಾರ್ಖಾನೆ, ಕೈಗಾರಿಕಾ ತರಬೇತಿ ಸಂಸ್ಥೆ ಆಮೇಲೆ.) ಬೈಯಪ್ಪನಹಳ್ಳಿಯಲ್ಲಿ ಈಗ ಮುಚ್ಚಿಹೋಗಿರುವ ಎನ್‌ಜಿಇಎಫ್ ಇತ್ತು. ಹಳೇ ಮದ್ರಾಸು ರಸ್ತೆಯ ಕಡೆ ಎಚ್‌ಎಎಲ್‌ನ ಎಂಜಿನ್ ವಿಭಾಗ 1957ರಲ್ಲಿ ಶುರುವಾದದ್ದು ‘ಆರ್ಫಿಯಸ್’ ಜೆಟ್ ಎಂಜಿನ್ ತಯಾರಿಸುವುದಕ್ಕೆ. 1961ರ ಜೂನ್‌ನಲ್ಲಿ ಬೆಂಗಳೂರಿನ ಆಕಾಶದಲ್ಲಿ ಮೊದಲು ಹಾರಿದ ‘ಮಾರುತ್’ ಯುದ್ಧವಿಮಾನದ ಹೊಟ್ಟೆಯಲ್ಲಿದ್ದದ್ದೂ ಎರಡು ಆರ್ಫಿಯಸ್‌ಗಳೇ. ಕೃಷ್ಣರಾಜಪುರದಲ್ಲಿ 1983ರಿಂದ ಡೀಸೆಲ್ ಲೋಕೊ ಶೆಡ್ ಇದೆ. ಈ ಕಾರ್ಖಾನೆಗಳ ಟರ್ನರ್, ಫಿಟ್ಟರ್, ಇನ್‌ಸ್ಪೆಕ್ಟರುಗಳ ಸಂಸಾರಗಳು ನೆಲೆಸಿದ್ದು ಸುತ್ತಲಿನ ಇಂಥ ಊರುಗಳಲ್ಲೇ. ಮಿಲಿಮೀಟರಿನ ನೂರನೇ ಭಾಗವನ್ನು ಅಳೆದು ಸಂಬಳ ತಂದ ಅಪ್ಪಂದಿರ ಮಕ್ಕಳು ದಶಮಾಂಶದ ಲೆಕ್ಕಕ್ಕೆ ಟ್ಯೂಷನ್ನಿಗೆ ಹೋಗುತ್ತಾರೆಂದರೆ, ಮನೆಯ ವಿದ್ಯೆ ಶಾಲೆಯ ಪುಸ್ತಕದೊಂದಿಗೆ ಮಾತಾಡಲೇ ಇಲ್ಲ ಎಂದರ್ಥ.

ರೂಪಾಯಿ ಕಲಿಸಿದ್ದು, ಕ್ರಿಕೆಟ್ ಕೆಡಿಸಿದ್ದು

ಮಕ್ಕಳು ಎಲ್ಲಿ ಎಡವುತ್ತಾರೆ? ಮೊದಲನೆಯದು ಓದುವ ರೀತಿ. ಬಿಂದುವಿನ ಎಡಕ್ಕೆ ‘ಇಪ್ಪತ್ತೈದು’ ಎಂದರೆ ಎರಡು ಹತ್ತು, ಐದು ಬಿಡಿ. ಬಲಕ್ಕೆ ಬಂದಾಗಲೂ ‘ಪಾಯಿಂಟ್ ಇಪ್ಪತ್ತೈದು’ ಎಂದೇ ಓದಿದರೆ ಕಿವಿಗೆ ಅದು ಪೂರ್ಣಸಂಖ್ಯೆಯಂತೆಯೇ ಕೇಳುತ್ತದೆ. ‘ಸೊನ್ನೆ ಬಿಂದು ಎರಡು ಐದು’ ಎಂದು ಅಂಕಿ ಅಂಕಿಯಾಗಿ ಓದಿಸಿ ನೋಡಿ. ಎರಡು ಎಂಬುದು ಹತ್ತನೇ ಭಾಗಗಳ ಮನೆಯಲ್ಲಿದೆ, ಐದು ನೂರನೇ ಭಾಗಗಳ ಮನೆಯಲ್ಲಿದೆ ಎಂಬುದು ತಾನೇ ಹೊಳೆಯುತ್ತದೆ.

ಎರಡನೆಯದು ದುಡ್ಡು. ನಮ್ಮ ಅಜ್ಜಂದಿರಿಗೆ ಈ ಬಿಂದುವಿನ ಕಾಟವೇ ಇರಲಿಲ್ಲ. ಕಾಲು, ಅರೆ, ಮುಕ್ಕಾಲು, ಅರೆಕಾಲು, ವೀಸ – ಒಂದೊಂದು ಭಾಗಕ್ಕೂ ಒಂದೊಂದು ಹೆಸರು. ವೀಸ ಎಂದರೆ ಹದಿನಾರನೇ ಒಂದು ಭಾಗ. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. 1957ರ ಏಪ್ರಿಲ್ 1ರಂದು ಸರ್ಕಾರ ರೂಪಾಯಿಯನ್ನು ನೂರು ನಯಾಪೈಸೆಗಳಾಗಿ ಒಡೆದಾಗ ಒಂದಾಣೆ 6.25 ನಯಾಪೈಸೆಯಾಯಿತು. ಅಂಗಡಿಯವರೂ ಗಿರಾಕಿಗಳೂ ಆ ಕಾಲು ಪೈಸೆಗೆ ಜಗಳವಾಡಿದ್ದನ್ನು ಹಳಬರು ಹೇಳುತ್ತಿದ್ದರು. ಅಂತೂ ದೇಶಕ್ಕೆಲ್ಲ ದಶಮಾಂಶ ಕಲಿಸಿದ ಮೇಷ್ಟ್ರು ನಯಾಪೈಸೆ. ಆದರೆ ಆ ಮೇಷ್ಟ್ರಲ್ಲಿ ಒಂದು ದೋಷವಿದೆ. ದುಡ್ಡಿನಲ್ಲಿ ಬಿಂದುವಿನ ಆಚೆ ಯಾವಾಗಲೂ ಎರಡೇ ಅಂಕಿ. ಹಾಗಾಗಿ ಮಕ್ಕಳು ಬಿಂದುವನ್ನು ಎರಡು ಬೇರೆ ಬೇರೆ ಪೂರ್ಣಸಂಖ್ಯೆಗಳ ನಡುವಿನ ಗೋಡೆ ಎಂದುಕೊಳ್ಳುತ್ತಾರೆ: ಈಚೆ ರೂಪಾಯಿ, ಆಚೆ ಪೈಸೆ. ಮೂರನೇ ಅಂಕಿ ಬಂತೋ, ಗೋಡೆ ಕುಸಿಯಿತು.

ಮೂರನೆಯ ಅಪರಾಧಿ ಕ್ರಿಕೆಟ್! ‘19.3 ಓವರ್’ ಎಂದು ಟಿ.ವಿ. ಪರದೆಯ ಮೇಲೆ ಬರುತ್ತದಲ್ಲ, ಅದು ದಶಮಾಂಶವೇ ಅಲ್ಲ. ಹತ್ತೊಂಬತ್ತು ಓವರು, ಮೂರು ಚೆಂಡು ಎಂದಷ್ಟೇ. ಓವರಿಗೆ ಆರು ಚೆಂಡಾದ್ದರಿಂದ ಅದು ನಿಜವಾಗಿ ಹತ್ತೊಂಬತ್ತೂವರೆ ಓವರು, ದಶಮಾಂಶದಲ್ಲಿ 19.5. ರನ್ ಸರಾಸರಿ ತೆಗೆಯಲು ಹೊರಟ ಹುಡುಗ 19.3ರಿಂದ ಭಾಗಿಸಿದರೆ ಉತ್ತರ ತಪ್ಪುತ್ತದೆ. ಮನೆಯಲ್ಲಿ ಕ್ರಿಕೆಟ್ ಹುಚ್ಚಿದ್ದರೆ ಇದನ್ನೇ ಲೆಕ್ಕವಾಗಿ ಕೊಡಬಹುದು.

ಇನ್ನೊಂದು ವಿಚಿತ್ರವಿದೆ. ‘ಹೆಚ್ಚು ಅಂಕಿ ಇದ್ದರೆ ದೊಡ್ಡದು’ ಎಂಬ ತಪ್ಪನ್ನು ಮೇಷ್ಟರು ತಿದ್ದಿದ ಮೇಲೆ ಕೆಲವು ಮಕ್ಕಳು ‘ಹೆಚ್ಚು ಅಂಕಿ ಇದ್ದರೆ ಚಿಕ್ಕದು’ ಎಂಬ ಇನ್ನೊಂದು ತಪ್ಪಿಗೆ ಜಿಗಿಯುತ್ತಾರೆ. ಅವರಿಗೆ 0.35 ಎಂಬುದು 0.3ಕ್ಕಿಂತ ಚಿಕ್ಕದು, ಏಕೆಂದರೆ ನೂರನೇ ಭಾಗ ಹತ್ತನೇ ಭಾಗಕ್ಕಿಂತ ಚಿಕ್ಕದಲ್ಲವೇ! 0.3 ಮತ್ತು 0.25ರ ಪ್ರಶ್ನೆಗೆ ಇವರು ಸರಿ ಉತ್ತರವನ್ನೇ ಕೊಡುತ್ತಾರೆ, ಆದರೆ ತಪ್ಪು ಕಾರಣಕ್ಕೆ. ಆದ್ದರಿಂದ ಒಂದು ಜೋಡಿ ಸಂಖ್ಯೆ ಕೇಳಿ ಶಹಭಾಸ್ ಎನ್ನಬಾರದು. ಎರಡು ಬಗೆಯ ಜೋಡಿಯನ್ನೂ ಕೇಳಬೇಕು. ಎರಡಕ್ಕೂ ಮದ್ದು ಒಂದೇ. ಫೀಲರ್ ಗೇಜಿನಲ್ಲಿರುವಂತೆ ಅಂಕಿಗಳ ಸಂಖ್ಯೆಯನ್ನು ಸರಿಗಟ್ಟುವುದು: 0.30, 0.25, 0.35.

ಬುಲೆಟ್ಟಿನ ಎದೆಯಲ್ಲಿ

ಈಗ ಒಂದು ಎಂಜಿನ್ ಬಿಚ್ಚೋಣ. ಎರಕದ ಕಬ್ಬಿಣದ ಸಿಲಿಂಡರಿನ ಹಳೆಯ ಬುಲೆಟ್ 350 ಇದಕ್ಕೆ ಒಳ್ಳೆಯದು. ಅದರ ಅಂಕಿಗಳು ಬಾಯಿಪಾಠಕ್ಕೂ ಸುಲಭ. ಸಿಲಿಂಡರಿನ ಒಳವ್ಯಾಸ, ಅಂದರೆ ಬೋರ್, 70 ಮಿ.ಮೀ. ಪಿಸ್ಟನ್ ಮೇಲಕ್ಕೂ ಕೆಳಕ್ಕೂ ಓಡಾಡುವ ದೂರ, ಅಂದರೆ ಸ್ಟ್ರೋಕ್, 90 ಮಿ.ಮೀ. ಹತ್ತನೇ ತರಗತಿಯ ಸಿಲಿಂಡರ್ ಘನಫಲದ ಸೂತ್ರವನ್ನೇ ಹಾಕಿ. ಸೆಂಟಿಮೀಟರಿನಲ್ಲಿ ತ್ರಿಜ್ಯ 3.5, ಎತ್ತರ 9. ಉತ್ತರ 346 ಘನ ಸೆಂಟಿಮೀಟರಿಗೆ ತುಸು ಹೆಚ್ಚು. ‘350 ಸಿಸಿ’ ಎಂದು ಎಲ್ಲರೂ ಕರೆಯುವ ಗಾಡಿ ನಿಜವಾಗಿ 346 ಸಿಸಿ. ಇಷ್ಟು ಹೇಳಿದರೆ ಸಾಕು, ಸೂತ್ರ ಮರೆಯುವ ಹುಡುಗರೂ ಅದನ್ನು ಮರೆಯುವುದಿಲ್ಲ.

ಆ 70 ಮಿ.ಮೀ. ರಂಧ್ರದೊಳಗೆ ಓಡಾಡುವ ಅಲ್ಯೂಮಿನಿಯಂ ಮಿಶ್ರಲೋಹದ ಪಿಸ್ಟನ್ ಸರಿಯಾಗಿ 70 ಮಿ.ಮೀ. ಇರಬಾರದು. ಇದ್ದರೆ ಅಲುಗಾಡುವುದಿಲ್ಲ. ತುಂಬ ಚಿಕ್ಕದಾಗಿಯೂ ಇರಬಾರದು. ಇದ್ದರೆ ಗಡಗಡ ಸದ್ದು, ಹೊಗೆ, ಎಣ್ಣೆ ನಷ್ಟ. ಇವೆರಡರ ನಡುವಿನ ಸಂದು ಎಷ್ಟಿರಬೇಕು ಎಂಬುದನ್ನು ಶಾಖ ತೀರ್ಮಾನಿಸುತ್ತದೆ. ಲೆಕ್ಕ ನೋಡಿ. ಪಿಸ್ಟನ್ನಿನ ಲೋಹ ಒಂದು ಡಿಗ್ರಿ ಸೆಲ್ಸಿಯಸ್ ಏರಿಕೆಗೆ ತನ್ನ ಉದ್ದದ ಸುಮಾರು 0.00002 ಪಾಲು ಹಿಗ್ಗುತ್ತದೆ. ಎರಕದ ಕಬ್ಬಿಣದ ಹಿಗ್ಗುವಿಕೆ ಸುಮಾರು 0.000011. ಎಂಜಿನ್ ಓಡುವಾಗ ಪಿಸ್ಟನ್ನಿನ ಪಕ್ಕೆ 120 ಡಿಗ್ರಿಯಷ್ಟು, ಸಿಲಿಂಡರಿನ ಗೋಡೆ 110 ಡಿಗ್ರಿಯಷ್ಟು ಬಿಸಿ ಏರಿತು ಎಂದುಕೊಳ್ಳೋಣ.

ಪಿಸ್ಟನ್ ಹಿಗ್ಗುವುದು: 70 × 0.00002 × 120 = 0.168 ಮಿ.ಮೀ.
ಸಿಲಿಂಡರ್ ಹಿಗ್ಗುವುದು: 70 × 0.000011 × 110 = ಸುಮಾರು 0.085 ಮಿ.ಮೀ.

ಅಂದರೆ ಪಿಸ್ಟನ್ ಸಿಲಿಂಡರಿಗಿಂತ 0.083 ಮಿ.ಮೀ. ಹೆಚ್ಚು ಊದಿಕೊಳ್ಳುತ್ತದೆ. ತಣ್ಣಗಿದ್ದಾಗ 0.10 ಮಿ.ಮೀ. ಸಂದು ಬಿಟ್ಟಿದ್ದರೆ, ಬಿಸಿಯಾದಾಗ 0.017 ಮಿ.ಮೀ. ಉಳಿಯುತ್ತದೆ. ಎಣ್ಣೆಯ ಒಂದು ತೆಳು ಪದರಕ್ಕೆ ಅಷ್ಟು ಜಾಗ. ಅದೇ ಜಾಗದಲ್ಲಿ ಒಬ್ಬ ಹುಡುಗ ಬಿಂದು ಕಂಡೂ ಸೊನ್ನೆಯ ಸ್ಥಾನ ಕಾಣದೆ 0.10ಕ್ಕೆ ಬದಲು 0.01 ಬಿಟ್ಟರೆ? ಗಾಡಿ ಗ್ಯಾರೇಜಿನಲ್ಲಿ ಸ್ಟಾರ್ಟ್ ಆಗುತ್ತದೆ. ಬೀದಿಯ ಕೊನೆವರೆಗೂ ಹೋಗುತ್ತದೆ. ಹೊರವರ್ತುಲ ರಸ್ತೆಗೆ ಇಳಿದು ವೇಗ ಹಿಡಿದ ಮೇಲೆ ಪಿಸ್ಟನ್ ಊದಿ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಮೆಕ್ಯಾನಿಕ್‌ಗಳು ‘ಎಂಜಿನ್ ಸೀಜ್ ಆಯ್ತು’ ಎನ್ನುವುದು ಇದಕ್ಕೇ. ಆ ಕ್ಷಣದಲ್ಲಿ ಕ್ಲಚ್ ಹಿಡಿಯಲು ತೋಚದಿದ್ದರೆ ಹಿಂದಿನ ಚಕ್ರವೂ ಅಲ್ಲೇ ನಿಲ್ಲುತ್ತದೆ. ಸವಾರ ರಸ್ತೆಗೆ ಬೀಳುತ್ತಾನೆ. ಹಿಂದೆ ಲಾರಿ ಇಲ್ಲದಿರಲಿ ಎಂದು ಹಾರೈಸಬೇಕಷ್ಟೆ.

ಸವೆದ ಸಿಲಿಂಡರನ್ನು ಲೇತ್ ಅಂಗಡಿಗೆ ಒಯ್ದು ಬೋರ್ ಮಾಡಿಸುವಾಗ ಇನ್ನೊಂದು ಬಲೆ ಕಾದಿದೆ. ‘0.25 ಓವರ್‌ಸೈಜ್’ ಪಿಸ್ಟನ್ ತಂದರೆ ಸಿಲಿಂಡರಿನ ವ್ಯಾಸ 70.25 ಆಗಬೇಕು. ಹಾಗೆಂದು ಗೋಡೆಯಿಂದ 0.25 ಕೆತ್ತಬಾರದು. ವ್ಯಾಸಕ್ಕೆ ಎರಡು ಕಡೆ ಉಂಟಲ್ಲ, ಒಂದೊಂದು ಕಡೆ 0.125 ಮಾತ್ರ. ತ್ರಿಜ್ಯ ಮತ್ತು ವ್ಯಾಸದ ಗೊಂದಲ ಪರೀಕ್ಷೆಯಲ್ಲಿ ಎರಡು ಅಂಕ ಕಳೆದರೆ ಇಲ್ಲಿ ಒಂದು ಸಿಲಿಂಡರನ್ನು ಗುಜರಿಗೆ ಕಳಿಸುತ್ತದೆ. ಅಂದಹಾಗೆ, ಕೂದಲಿನ ಮೂರ್ನಾಲ್ಕು ಪಟ್ಟು ದಪ್ಪದ ಈ 0.25ರಿಂದ ಎಂಜಿನ್ನಿನ ಘನಫಲ ಸುಮಾರು ಎರಡೂವರೆ ಸಿಸಿ ಏರುತ್ತದೆ. ಬೇಕಾದರೆ ಲೆಕ್ಕ ಹಾಕಿ ನೋಡಬಹುದು.

0.1 ಮತ್ತು 0.10 ಒಂದೇ ಅಲ್ಲವೇ? ಗಣಿತದ ಮೇಷ್ಟರು ಒಂದೇ ಎನ್ನುತ್ತಾರೆ, ಅದು ಸರಿ. ಡ್ರಾಯಿಂಗ್ ಓದುವ ಫಿಟ್ಟರ್ ಒಂದೇ ಅಲ್ಲ ಎನ್ನುತ್ತಾನೆ, ಅದೂ ಸರಿ! ಸಂಖ್ಯೆಯಾಗಿ ಎರಡೂ ಸಮ. ಅಳತೆಯಾಗಿ ಬರೆದಾಗ ‘0.1’ ಎಂದರೆ ಹತ್ತನೇ ಭಾಗದವರೆಗೆ ನೋಡಿದ್ದೇನೆ ಎಂಬ ಮಾತು, ‘0.10’ ಎಂದರೆ ನೂರನೇ ಭಾಗದವರೆಗೂ ನೋಡಿದ್ದೇನೆ, ಅಲ್ಲಿ ಸೊನ್ನೆ ಇತ್ತು ಎಂಬ ಸಾಕ್ಷಿ. ಸ್ಕೇಲಿನಲ್ಲಿ ಅಳೆದವನು 70 ಎಂದು ಬರೆಯಬೇಕು, 70.00 ಎಂದು ಬರೆಯುವ ಹಕ್ಕು ಮೈಕ್ರೊಮೀಟರ್ ಹಿಡಿದವನಿಗೆ ಮಾತ್ರ. ಕ್ಯಾಲ್ಕ್ಯುಲೇಟರ್ ತೋರಿಸಿದ ಎಂಟು ಅಂಕಿಗಳನ್ನೂ ಪ್ರಾಕ್ಟಿಕಲ್ ಪುಸ್ತಕಕ್ಕೆ ಇಳಿಸುವ ಪಿಯುಸಿ ವಿದ್ಯಾರ್ಥಿಗಳು ಇದನ್ನು ಗಮನಿಸಬೇಕು. ಅದು ನಿಖರತೆಯಲ್ಲ, ಕಾಣದ್ದನ್ನು ಕಂಡೆ ಎನ್ನುವುದು.

ಔಷಧದ ಕೋಣೆಯಲ್ಲಿ ಮಾತ್ರ ಈ ನಿಯಮ ತಿರುಗುಮುರುಗು. ಅಲ್ಲಿ ಬಿಂದುವಿನ ಹಿಂದೆ ಸೊನ್ನೆ ಇರಲೇಬೇಕು: ‘.5’ ಎನ್ನದೆ ‘0.5’ ಎಂದೇ ಬರೆಯಬೇಕು. ಕೊನೆಯಲ್ಲಿ ಸೊನ್ನೆ ಇರಲೇಕೂಡದು: ‘5.0’ ಎನ್ನದೆ ‘5’ ಎಂದೇ ಬರೆಯಬೇಕು. ಅವಸರದಲ್ಲಿ ಬರೆದ ಬಿಂದು ಕಾಣದೆ ಹೋದರೆ ‘.5’ ಐದಾಗುತ್ತದೆ, ‘5.0’ ಐವತ್ತಾಗುತ್ತದೆ, ಎರಡೂ ಹತ್ತು ಪಟ್ಟು ಡೋಸು. ಕೂಸಿಗೆ ಜ್ವರದ ಹನಿ ಕುಡಿಸುವ ತಾಯಂದಿರಿಗೆ ದಶಮಾಂಶ ಗೊತ್ತಿರಬೇಕಾದ್ದು ಇದಕ್ಕೆ.

‘ತೌ’ ಎಂಬ ಗುಟ್ಟು

ಗ್ಯಾರೇಜಿನ ಭಾಷೆಯಲ್ಲಿ ಇನ್ನೊಂದು ಶಬ್ದವಿದೆ: ‘ತೌ’. ‘ನಾಲ್ಕು ತೌ ಬಿಡು’ ಎಂದು ಹಳೆಯ ಮೇಸ್ತ್ರಿ ಹೇಳಿದರೆ ಇಂಚಿನ ಸಾವಿರದ ನಾಲ್ಕು ಭಾಗ, 0.004 ಇಂಚು. ಇಂಗ್ಲಿಷಿನ ಸಾವಿರದ ಬಾಲ ಕತ್ತರಿಸಿ ಮಾಡಿದ ಶಬ್ದ. 1959ರ ಒಪ್ಪಂದದ ಪ್ರಕಾರ ಒಂದು ಇಂಚು ಎಂದರೆ ಸರಿಯಾಗಿ 25.4 ಮಿ.ಮೀ. ಹಾಗಾಗಿ ಒಂದು ತೌ 0.0254 ಮಿ.ಮೀ., ನಾಲ್ಕು ತೌ 0.1016 ಮಿ.ಮೀ. ನಾಲ್ಕು ತೌ ಎಂದರೂ ಒಂದೇ, ‘ಪಾಯಿಂಟ್ ಒಂದು’ ಮಿಲಿಮೀಟರ್ ಎಂದರೂ ಹೆಚ್ಚುಕಡಿಮೆ ಒಂದೇ ಎಂಬ ಸೂತ್ರ ನೆನಪಿಟ್ಟರೆ ಎರಡೂ ಲೋಕದಲ್ಲಿ ಓಡಾಡಬಹುದು. ಇಂಚಿನಲ್ಲಿ ಕೆಲಸ ಮಾಡುವ ಮೆಷಿನಿಸ್ಟರು ‘ಟೆಂತ್’ ಎಂದರೆ ಮಾತ್ರ ಎಚ್ಚರ. ಅದು ಹತ್ತನೇ ಭಾಗವಲ್ಲ, ಒಂದು ತೌನ ಹತ್ತನೇ ಭಾಗ: 0.0001 ಇಂಚು!

ಅಪಾಯವಿರುವುದು ಅಂಕಿ ಸರಿಯಿದ್ದು ಮಾನ ತಪ್ಪಿದಾಗ. 0.015 ಎಂದು ಹಳೆಯ ಕೈಪಿಡಿಯಲ್ಲಿದ್ದರೆ ಅದು ಇಂಚು. ಮಿಲಿಮೀಟರಿಗೆ ತಂದರೆ 0.381. ಅದನ್ನು 0.015 ಮಿಲಿಮೀಟರ್ ಎಂದು ಓದಿದವನು ಇಪ್ಪತ್ತೈದು ಪಟ್ಟು ಕಡಿಮೆ ಬಿಡುತ್ತಾನೆ. ಇದು ಗ್ಯಾರೇಜಿನ ಹುಡುಗರ ಪಾಡು ಮಾತ್ರವಲ್ಲ. 1999ರಲ್ಲಿ ಅಮೆರಿಕದ ನಾಸಾ ಕಳಿಸಿದ ಮಂಗಳದ ಹವಾಮಾನ ನೌಕೆ ನಾಶವಾದದ್ದು ಒಂದು ತಂಡ ಪೌಂಡಿನ ಲೆಕ್ಕದಲ್ಲಿ ಕೊಟ್ಟ ಅಂಕಿಯನ್ನು ಇನ್ನೊಂದು ತಂಡ ನ್ಯೂಟನ್ ಎಂದು ಓದಿದ್ದರಿಂದ.

ಕೃಷ್ಣರಾಜಪುರದಂಥ ಶೆಡ್ಡುಗಳಿಗೆ ಚೆನ್ನಾಗಿ ಪರಿಚಯವಿರುವ ಆಲ್ಕೊ ವಿನ್ಯಾಸದ ರೈಲು ಎಂಜಿನ್ನಿನ ಬೋರ್ 228.6 ಮಿ.ಮೀ., ಸ್ಟ್ರೋಕ್ 266.7 ಮಿ.ಮೀ. ಇಷ್ಟು ವಕ್ರ ಅಂಕಿಗಳನ್ನು ಯಾರು ಆರಿಸಿದರು ಎನಿಸುತ್ತದೆ. 25.4ರಿಂದ ಭಾಗಿಸಿ ನೋಡಿ: 9 ಇಂಚು ಮತ್ತು 10.5 ಇಂಚು. ಅಮೆರಿಕದ ಎಂಜಿನಿಯರ್ ದುಂಡು ಅಂಕಿಯನ್ನೇ ಆರಿಸಿದ್ದ, ವಕ್ರವಾದದ್ದು ಅನುವಾದದಲ್ಲಿ. ಅಂಥ ಒಂದೊಂದು ಸಿಲಿಂಡರಿನ ಘನಫಲ ಹತ್ತಿರ ಹತ್ತಿರ ಹನ್ನೊಂದು ಲೀಟರು, ಮೂವತ್ತು ಬುಲೆಟ್‌ಗಳಿಗಿಂತ ಹೆಚ್ಚು. ಡಬ್ಲ್ಯುಡಿಎಂ–2 ಎಂಜಿನ್ನಿನಲ್ಲಿ ಇಂಥವು ಹದಿನಾರು. ಎಂಜಿನ್ ಆನೆಯಷ್ಟಿದ್ದರೂ ಸಂದಿನ ಲೆಕ್ಕ ಮಾತ್ರ ಮಿಲಿಮೀಟರಿನ ಭಾಗಗಳಲ್ಲೇ.

ಇದಕ್ಕೂ ಸೂಕ್ಷ್ಮವಾದದ್ದು ಬೆಂಗಳೂರಿನಲ್ಲೇ ದಶಕಗಳ ಕಾಲ ತಯಾರಾಯಿತು. 1951ರಲ್ಲಿ ಸ್ಥಾಪನೆಯಾಗಿ ಆಡುಗೋಡಿಯಲ್ಲಿ ಬೆಳೆದ ‘ಮೈಕೊ’ – 2008ರಿಂದ ‘ಬಾಷ್’ – ಡೀಸೆಲ್ ಎಂಜಿನ್ನಿಗೆ ಇಂಧನ ಚಿಮ್ಮಿಸುವ ಪಂಪುಗಳಿಗೆ ಹೆಸರಾಯಿತು. ಇಂಥ ಪಂಪಿನೊಳಗಿನ ಪ್ಲಂಜರ್ ಮತ್ತು ಬ್ಯಾರಲ್ ನಡುವಿನ ಸಂದು 0.002ರಿಂದ 0.003 ಮಿ.ಮೀ. ತಲೆಗೂದಲು ಸುಮಾರು 0.07 ಮಿ.ಮೀ. ದಪ್ಪ, ಅದನ್ನು ಇಪ್ಪತ್ತೈದಾಗಿ ಸೀಳಿದರೆ ಒಂದು ಸೀಳು ಈ ಸಂದಿನಷ್ಟಾದೀತು. ಇಷ್ಟು ಸಣ್ಣ ಅಳತೆಯಲ್ಲಿ ಯಾವುದೋ ಪ್ಲಂಜರನ್ನು ಯಾವುದೋ ಬ್ಯಾರಲಿಗೆ ಹಾಕುವಂತಿಲ್ಲ. ಅಳೆದು, ಆರಿಸಿ, ಜೋಡಿ ಮಾಡುತ್ತಾರೆ. ಒಂದು ಹಾಳಾದರೆ ಎರಡನ್ನೂ ಬದಲಿಸಬೇಕು. ಈ ಜೋಡಿಗೆ ಮರುಮದುವೆಯಿಲ್ಲ.

ಮೂರನೇ ದಶಮಾಂಶ ಸ್ಥಾನ ಯಾರಿಗೆ ಬೇಕು ಎನ್ನುವವರಿಗೆ 1990ರಲ್ಲಿ ಬಾಹ್ಯಾಕಾಶಕ್ಕೆ ಹೋದ ಹಬಲ್ ದೂರದರ್ಶಕವನ್ನು ತೋರಿಸಬೇಕು. ಕನ್ನಡಿಯನ್ನು ಪರೀಕ್ಷಿಸುವ ಉಪಕರಣದಲ್ಲಿ ಒಂದು ಮಸೂರ 1.3 ಮಿ.ಮೀ. ಸರಿದು ಕೂತಿತ್ತು. ಅದರಿಂದಾಗಿ 2.4 ಮೀಟರ್ ಅಗಲದ ಕನ್ನಡಿಯ ಅಂಚು 0.0022 ಮಿ.ಮೀ.ನಷ್ಟು ಹೆಚ್ಚು ಸಪಾಟಾಯಿತು. ಚಿತ್ರಗಳು ಮಸುಕಾದವು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಹೋಗಿ, ಆ ದೋಷ ಸರಿಪಡಿಸುವ ಸಾಧನಗಳನ್ನು ಜೋಡಿಸಿ ಬಂದ ಮೇಲೆಯೇ ಅದರ ಕಣ್ಣು ಸರಿಹೋಯಿತು.

ಶಾಲೆಯ ಪ್ರಯೋಗಾಲಯದ ಸ್ಕ್ರೂ ಗೇಜೂ ಕಾರ್ಖಾನೆಯ ಮೈಕ್ರೊಮೀಟರೂ ಒಂದೇ ಜಾತಿ. ತಿರುಪು ಒಂದು ಪೂರ್ಣ ಸುತ್ತಿಗೆ ಅರ್ಧ ಮಿ.ಮೀ. ಮುಂದೆ ಹೋಗುತ್ತದೆ, ಸುತ್ತಿನ ಮೇಲೆ 50 ಗೆರೆಗಳಿವೆ. 0.5ನ್ನು 50ರಿಂದ ಭಾಗಿಸಿದರೆ ಒಂದು ಗೆರೆಗೆ 0.01 ಮಿ.ಮೀ. ಮುಖ್ಯ ಮಾಪಕ 69.5, ಸುತ್ತು ಮಾಪಕದಲ್ಲಿ 43ನೇ ಗೆರೆ ಎಂದರೆ ಅಳತೆ 69.93. ಸುತ್ತು ಮಾಪಕ 3 ತೋರಿಸಿದರೆ? 69.53. ಇಲ್ಲಿ ಅವಸರಪಟ್ಟು 69.8 ಎಂದು ಬರೆಯುವವರು ಪ್ರತಿವರ್ಷ ಸಿಗುತ್ತಾರೆ; ಮೂರು ಗೆರೆ ಎಂದರೆ 0.03, 0.3 ಅಲ್ಲ.

ಮೈಕ್ರೊಮೀಟರ್ ಇಲ್ಲದ ಮನೆಯಲ್ಲೂ ನೂರನೇ ಭಾಗ ಅಳೆಯಬಹುದು. 200 ಪುಟದ ನೋಟ್‌ಬುಕ್ಕಿನಲ್ಲಿ ಹಾಳೆಗಳು ನೂರು. ರಟ್ಟು ಬಿಟ್ಟು, ಗಟ್ಟಿಯಾಗಿ ಒತ್ತಿ ಹಿಡಿದು ಸ್ಕೇಲಿನಲ್ಲಿ ಅಳೆಯಿರಿ. 7 ಮಿ.ಮೀ. ಬಂದರೆ ಒಂದು ಹಾಳೆ 0.07. ಬಿಂದು ಎರಡು ಮನೆ ಎಡಕ್ಕೆ ಸರಿಯಿತು, ಅಷ್ಟೆ. ಸಣ್ಣದರಿಂದ ಭಾಗಿಸಿದರೆ ಉತ್ತರ ದೊಡ್ಡದಾಗುವುದು ಹೇಗೆ ಎಂದು ತಲೆ ಕೆರೆದುಕೊಳ್ಳುವ ಮಗುವಿಗೂ ಇದೇ ನೋಟ್‌ಬುಕ್ ಸಾಕು: 7 ಮಿ.ಮೀ. ದಪ್ಪದಲ್ಲಿ 0.07ರ ಹಾಳೆಗಳು ಎಷ್ಟು? ಪುಟ ಎಣಿಸಿ ಹೇಳಲಿ.

ಹಾಗೆಯೇ ಮನೆಯಲ್ಲಿ ಬಿದ್ದಿರುವ ಹತ್ತು ವಿಸಿಟಿಂಗ್ ಕಾರ್ಡುಗಳನ್ನು ಜೋಡಿಸಿ ಅಳೆಯಬಹುದು. ಮೂರೂವರೆ ಮಿ.ಮೀ. ಬಂತೆನ್ನಿ, ಒಂದು ಕಾರ್ಡು 0.35. ದಾರಿಯಲ್ಲಿ ಕೈಕೊಟ್ಟ ಹಳೆಯ ಬುಲೆಟ್ಟಿನ ಕಾಂಟ್ಯಾಕ್ಟ್ ಪಾಯಿಂಟ್ ಸರಿಪಡಿಸಲು ಮೆಕ್ಯಾನಿಕ್‌ಗಳು ಫೀಲರ್ ಗೇಜ್ ಇಲ್ಲದಾಗ ಗಿರಾಕಿಯ ಜೇಬಿನಿಂದ ವಿಸಿಟಿಂಗ್ ಕಾರ್ಡ್ ಕೇಳುತ್ತಿದ್ದರು. ಆ ಸಂದು ಇರಬೇಕಾದದ್ದು 0.35ರಿಂದ 0.40 ಮಿ.ಮೀ.